ಕಾಲು ನೆನೆಯುವ ಕಡೆ

ಆ ವರ್ಷ ಕಪಿಲೆಯ ನೆರೆ ಇಳಿದಾಗ ಪಾಪಮ್ಮನ ಜೊಂಡು ಇರಲಿಲ್ಲ. ನಂಜನಗೂಡು ದಾಟಿದ ಹೊಳೆ ನರಸೀಪುರದ ಕಡೆ ತಿರುಗುವಲ್ಲಿ, ಅವಳ ಹಿತ್ತಲಿನ ದಡವೇ ಕೊಚ್ಚಿಹೋಗಿತ್ತು. ಜೊಂಡಿನ ಚಾಪೆ ಹೆಣೆದು ಬದುಕುವವಳಿಗೆ ಜೊಂಡು ಹೋದರೆ ಒಲೆ ಹೋದಂತೆ.

ಸ್ವಲ್ಪ ಕೆಳಗೆ, ಮಾದಪ್ಪನ ಬಾಳೆತೋಟದ ಮುಂದೆ, ಅದೇ ಹೊಳೆ ಮೆಕ್ಕಲು ಮಣ್ಣಿನ ದಿಬ್ಬ ಹಾಕಿತ್ತು. ದೀಪಾವಳಿಯ ಹೊತ್ತಿಗೆ ಅದರ ತುಂಬ ಜೊಂಡು ಚಿಗುರಿತು. ಮಾದಪ್ಪ ಗುದ್ದಲಿ ಹಿಡಿದು ಇಳಿದ ದಿನವೇ ಪಾಪಮ್ಮ ಅಲ್ಲಿಗೆ ಬಂದಳು.

"ಏನ್ ಮಾದಪ್ಪಣ್ಣ, ಬಿಟ್ಟಿ ಮಣ್ಣು ಸಿಕ್ತು ಅಂತ ಸೌತೆಕಾಯಿ ಆಕ್ತೀಯಾ?"

"ಊಂ ಕಣಮ್ಮೀ. ನಿನ್ನ ಇತ್ಲ ಮಣ್ಣೇ ಇರ್ಬೌದು. ಬೇಕಾದ್ರೆ ಒತ್ಕೊಂಡೋಗು."

"ಮಣ್ಣು ನೀನೇ ಮಡಿಕ್ಕೊ. ಜೊಂಡ ಮಾತ್ರ ಬುಡು. ಅದ್ನ ಕಿತ್ತಾಕಿದ್ರೆ ಬರೋ ಆಷಾಢಕ್ಕೆ ಈ ದಿಬ್ಬ ನರಸೀಪುರದೋರ ಪಾಲಾಯ್ತದೆ. ಬುಟ್ರೆ ನೀರಲ್ಲಿ ಬರೋ ಮಣ್ಣನ್ನೂ ಇಡ್ಕತ್ತದೆ. ನಾನು ಬುಡ ಕೀಳಕಿಲ್ಲ, ಮ್ಯಾಲೆ ಕುಯ್ಕತ್ತೀನಿ."

ಮಾದಪ್ಪ ಲೆಕ್ಕಾಚಾರದ ಮನುಷ್ಯ. ಬಿತ್ತಿದ ಸೌತೆಕಾಯಿ ಹೊಳೆಪಾಲಾಗುವುದನ್ನು ಅವನೂ ಕಂಡಿದ್ದ. ಗುದ್ದಲಿ ಕೆಳಗಿಟ್ಟ. "ನಿಂದೆಲ್ಲಿಗಂಟ, ನಂದೆಲ್ಲಿಗಂಟ? ಅದ್ ಯೋಳು."

"ಕಾಲು ನೆನೆಯೋ ಕಡೆ ನಂದು. ಒಣಗಿರೋ ಕಡೆ ನಿಂದು."

ಮಾತು ಅಷ್ಟಕ್ಕೇ ಮುಗಿಯಿತು.

ವರ್ಷ ವರ್ಷವೂ ಆಷಾಢದ ಕೆಂಪು ನೀರು ಜೊಂಡಿನೊಳಗೆ ನುಗ್ಗಿ, ವೇಗ ಕಳೆದುಕೊಂಡು, ಮಣ್ಣು ಇಳಿಸಿ ಹೋಗುತ್ತಿತ್ತು. ಹೊಳೆ ಹುಟ್ಟುವ ವಯನಾಡಿನ ಬೆಟ್ಟದ ಬೀಜಗಳೂ ಅದರ ಜೊತೆ ಬರುತ್ತಿದ್ದವು. ನೆಲ ಎದ್ದಿತು. ಎದ್ದ ನೆಲದಲ್ಲಿ ಲಕ್ಕಿಯ ಪೊದೆ ಬಂತು, ಲಕ್ಕಿಯ ಮರೆಯಲ್ಲಿ ನೀರಂಜಿ ಮರ, ಆಮೇಲೆ ಒಂದು ಅತ್ತಿ, ಒಂದು ಹೊಳೆಮತ್ತಿ. ಮರಗಳ ನೆರಳು ಬಿದ್ದಲ್ಲಿ ಜೊಂಡು ಹಳದಿಯಾಗಿ ಸತ್ತಿತು. ಮಾದಪ್ಪ ತೋಟವನ್ನು ಲಕ್ಕಿಯ ಅಂಚಿನವರೆಗೂ ಬೆಳೆಸಿದ.

ಎರಡು ಸಾವಿರದ ಇಸವಿ ದಾಟಿತ್ತು. ಪಾಪಮ್ಮನ ಮಗ ಜಗನ್ ತಾಂಡ್ಯದ ಫ್ಯಾಕ್ಟರಿಗೆ ಸೇರಿ, "ಪ್ಲಾಸ್ಟಿಕ್ ಚಾಪೆ ಬಂದವೆ, ಬುಡವ್ವ" ಎನ್ನುತ್ತಿದ್ದ. "ಅದ್ರ ಮ್ಯಾಲೆ ಮಲಗಿದ್ರೆ ಬೆನ್ನು ಬೇಯ್ತದೆ" ಎಂದು ಅವಳು ಕುಡುಗೋಲು ಮಸೆಯುತ್ತಿದ್ದಳು.

ಒಂದು ಬೆಳಿಗ್ಗೆ ತೋಟದ ದಾರಿಗೆ ಮುಳ್ಳು ಹಾಕಿತ್ತು. ಹೊಳೆಗೆ ಇಳಿಯಲು ಅವಳಿಗೆ ಬೇರೆ ದಾರಿಯಿರಲಿಲ್ಲ. ಒಳಗೆ ಮಾದಪ್ಪ ನಿಂತಿದ್ದ.

"ನಿನ್ನ ತಲೆ ಮ್ಯಾಲಿನ ಒರೆ ತಗಲಿ ಬಾಳೆ ಎಲೆಯೆಲ್ಲ ಅರಿದೋಯ್ತದೆ ಕಣಮ್ಮೀ. ಇಲ್ಲಿದ್ದ ಜೊಂಡೂ ಸತ್ತೋಯ್ತು, ನಮ್ಮ ಮಾತೂ ಮುಗೀತು. ನೋಡು, ನಿಂತಿರೋ ಕಡೆಯೆಲ್ಲ ಒಣ."

"ಕೊನೇ ಸಲ ಯಾವಾಗ ಒಳೆ ನೋಡ್ದೆ ನೀನು?"

"ಪಂಪು ಅದೆ. ನಂಗ್ಯಾಕೆ ಒಳೆ?"

ಪಾಪಮ್ಮ ಜಗಳ ಮಾಡಲಿಲ್ಲ. ಮುಳ್ಳು ಸರಿಸಿ, ಚಪ್ಪಲಿ ಬಿಟ್ಟಳು. "ಬಾ. ಕಾಲು ನೆನೀದಿದ್ರೆ ಕುಡುಗೋಲು ನಿಂಗೇ ಕೊಟ್ಬುಟ್ಟು ಓಯ್ತೀನಿ."

ಬಾಳೆ ಮುಗಿಯಿತು. ಲಕ್ಕಿ ಮುಗಿಯಿತು. ನೀರಂಜಿಯ ತಂಪಿನಲ್ಲೂ ಕಾಲು ಒಣಗಿಯೇ ಇತ್ತು. ಮಾದಪ್ಪ ನಗುತ್ತಲೇ ಬಂದ. ಆಮೇಲೆ ನೆಲ ಮೆತ್ತಗಾಯಿತು. ಇನ್ನೊಂದಿಷ್ಟು ದೂರ ಹೋಗುವಷ್ಟರಲ್ಲಿ ಹಿಮ್ಮಡಿ ಮುಳುಗಿತು. ಎದುರಿಗೆ ಆಳೆತ್ತರದ ಜೊಂಡು, ಹೊಳೆಯ ಅಂಚಿನುದ್ದಕ್ಕೂ.

"ನೆನೀತಾ?"

"ನೆನೀತು." ಮಾದಪ್ಪ ತಿರುಗಿ ನೋಡಿದ. ತೋಟ ಮರಗಳಾಚೆ ಎಲ್ಲೋ ಇತ್ತು. "ಒಳೆನೇ ಅತ್ಲಾಗೆ ಸರ್ಕೊಂಡ್ತು ಅನ್ಕೊಂಡಿದ್ದೆ."

"ಒಳೆ ಸರ್ದದ್ದು ಜೊಂಡು ಮುಂದಕ್ಕೋಗಿದ್ದಕ್ಕೆ. ಹಿಂದ್ಲು ಜಾಗ ನಿಂಗೆ ಬುಡ್ತಾ ಬಂತು. ನಾನು ಕುಯ್ಯದೆ ಬುಟ್ರೆ ಕೊಳೆತು ಬೀಳ್ತದೆ. ಆಮ್ಯಾಕೆ ನಿನ್ ಬಾಳೆನೇ ಮುಂದ್ಗಡೆ ನಿಂತ್ಕಬೇಕಾಯ್ತದೆ, ನೆರೆಗೆ."

ಮಾದಪ್ಪ ಬಾಗಿ ಜೊಂಡಿನ ಬುಡದ ಮಣ್ಣನ್ನು ಹಿಡಿಯಷ್ಟು ಎತ್ತಿ ಹಿಸುಕಿದ. ಅವನ ತೋಟದ್ದಕ್ಕಿಂತ ನುಣುಪಾಗಿತ್ತು.

ಮರುದಿನ ಪಾಪಮ್ಮ ಬಂದಾಗ ಮುಳ್ಳು ಇರಲಿಲ್ಲ. ದಾರಿಯ ಎರಡೂ ಕಡೆ ಬಾಗಿದ್ದ ಬಾಳೆಯ ಎಲೆಗಳನ್ನು ಅವನು ಕತ್ತರಿಸಿ ರಾಶಿ ಹಾಕಿದ್ದ.

"ಊಟದ ಎಲೆಗೆ ಮಾರ್ಕತ್ತೀನಿ, ನಿಂಗೋಸ್ಕರ ಕುಯ್ದೆ ಅನ್ಕಬ್ಯಾಡ," ಎಂದ. "ಆ ನೀರಂಜಿ ನೆರಳು ಸಂದಾಗದೆ ಕಣಮ್ಮೀ. ಮಧ್ಯಾನ್ನ ಮಲಗಕ್ಕೆ ಒಂದು ಚಾಪೆ ಕೊಡು."

"ಕೊಡ್ತೀನಿ," ಎಂದು ಪಾಪಮ್ಮ ಹೊಳೆಯ ಕಡೆ ನಡೆದಳು. "ಒಣಗಿರೋ ಕಡೆ ಆಸ್ಕೊ, ಮತ್ತೆ."