ಸುಣ್ಣ ಬಳಿದ ಮರಗಳು

ಮುತ್ತಿ ಬಾವಿ ನೀರನ್ನು ಬಟ್ಟೆಯಲ್ಲಿ ಎರಡು ಸಲ ಸೋಸಿದಳು. ಮೂರನೆಯ ಸಲವೂ ಬಟ್ಟೆ ಕೆಂಪಾಯಿತು.

"ಮೊನ್ನೆ ಒಂದೇ ಮಳೆ ಬಂದದ್ದು. ಅಷ್ಟಕ್ಕೇ ಗುಡ್ಡದ ಮಣ್ಣು ಬಾವಿಗೆ ಇಳಿಯಿತಲ್ಲ!"

ಅವಳ ಗಂಡ ಚೋಮ ಗುಡ್ಡವನ್ನೇ ನೋಡುತ್ತಿದ್ದ.

ವಿರಾಜಪೇಟೆಯಿಂದ ಎಂಟು ಮೈಲಿ ದೂರದ ಆ ಕಾಫಿ ತೋಟದ ಲೈನಿನಲ್ಲಿ ಕೆಲಸದಾಳುಗಳ ಒಂಬತ್ತು ಮನೆ, ಒಂದೇ ಸಾಲಿನಲ್ಲಿ. ಹಿಂಗೋಡೆಗೂ ಗುಡ್ಡಕ್ಕೂ ನಡುವೆ ಒಬ್ಬ ನಡೆಯುವಷ್ಟು ಜಾಗ. ಮೇಲೆ ಅತ್ತಿ, ನೇರಳೆ, ಹಲಸು. ಎಲ್ಲ ಕಾಫಿಗೆ ನೆರಳು ಕೊಡುವ ಮರಗಳು. ಮೇ ತಿಂಗಳಲ್ಲಿ ಹಸಿರಾಗಿರಬೇಕಾದವು ಬೋಳಾಗಿದ್ದವು. ಒಂದೊಂದು ಮರದ ಎದೆಮಟ್ಟದಲ್ಲೂ ಬಿಳಿ ಪಟ್ಟಿ.

ಆ ಪಟ್ಟಿ ಚೋಮನ ಕೈಯದು.

ಹೋದ ವರ್ಷ ಸಾಹುಕಾರರು ತೋಟವನ್ನು ಕಂಪೆನಿಗೆ ಮಾರಿದರು. ಲೆಕ್ಕ ಬರೆದು ಆಳುಗಳಿಗೆ ಕೆಲಸ ಹಂಚುವ ರೈಟರ್ ಕೀರ್ತಿಕುಮಾರ್ ಮಾತ್ರ ಹಳಬ. ಮಳೆಗಾಲ ಮುಗಿದ ಮೇಲೆ ಅವನು ಚೋಮನನ್ನು ಕರೆದ.

"ಮರಕ್ಕೂ ಬೋರರ್ ಬಂದದೆ ಚೋಮ."

ಬೋರರ್ ಎಂದರೆ ಕಾಫಿ ಗಿಡದ ಕಾಂಡ ಕೊರೆಯುವ ಹುಳ. ಸಿಪ್ಪೆಯ ಬಿರುಕಿನಲ್ಲಿ ಮೊಟ್ಟೆ ಇಡುತ್ತದೆ. ಮೇಲಿನ ಒರಟು ಸಿಪ್ಪೆ ಉಜ್ಜಿ ಸುಣ್ಣ ಬಳಿಯುವುದು ಚೋಮ ಮೂವತ್ತು ವರ್ಷ ಮಾಡಿದ ಕೆಲಸ.

"ಮರಕ್ಕೆ ಬರ್ತದಾ ರೈಟ್ರೇ?"

"ಇದು ಹೊಸ ಹುಳ. ಮರ ದೊಡ್ಡದಲ್ವಾ, ಬರೀ ಉಜ್ಜಿದರೆ ಸಾಲದು. ಒಳಗಿನ ಬಿಳಿ ಕಟ್ಟಿಗೆ ಕಾಣುವವರೆಗೆ ಒಂದು ಮೊಳ ಅಗಲ ಸುತ್ತ ಕೆತ್ತಿ ಸುಣ್ಣ ಬಳಿ."

"ಅಷ್ಟು ಕೆತ್ತಿದರೆ ಮರ ತಡೀತದಾ?"

"ನೀನು ಯಾವಾಗ ಡಾಕ್ಟರ್ ಆದದ್ದು ಮಾರಾಯ?"

ಚೋಮನಿಗೆ ಅಳುಕಿತ್ತು. ಸುಣ್ಣದ ಮೂಟೆಗಳು ಬಂದಾಗ ಅಳುಕು ಹೋಯಿತು. ಸುಣ್ಣ ಮದ್ದು. ಕೊಲ್ಲುವವರು ಮದ್ದು ತರುತ್ತಾರೆಯೇ? ಅವನೇ ಮುಂದೆ ನಿಂತು ಉಳಿದವರಿಗೆ ಕೆತ್ತುವುದನ್ನು ಕಲಿಸಿದ.

ಎಲೆಯಲ್ಲಿ ತಯಾರಾದ ಆಹಾರ ಬೇರಿಗೆ ಇಳಿಯುವುದು ತೊಗಟೆಯ ಒಳಪದರದಲ್ಲಿ. ನೀರು ಮೇಲೇರುವುದು ಅದರ ಒಳಗಿನ ಕಟ್ಟಿಗೆಯಲ್ಲಿ. ಹಾಗಾಗಿ ತೊಗಟೆ ಕಳಚಿದ ಮರ ಕೂಡಲೇ ಸಾಯುವುದಿಲ್ಲ. ಮೇಲೆ ಹಸಿರಾಗಿಯೇ ಇರುತ್ತದೆ. ಕೆಳಗೆ, ಗುಡ್ಡದ ಮಣ್ಣು ಹಿಡಿದಿಡುವ ಬೇರು ಉಪವಾಸ ಬೀಳುತ್ತದೆ. ಕಾಫಿ ಕುಯ್ಲು ಮುಗಿಯುವವರೆಗೆ ಯಾರಿಗೂ ಏನೂ ಗೊತ್ತಾಗಲಿಲ್ಲ.

ಕೆಂಪು ನೀರು ಕಂಡ ಆ ಬೆಳಿಗ್ಗೆ ಚೋಮ ಕತ್ತಿ ಹಿಡಿದು ಗುಡ್ಡ ಹತ್ತಿದ. ನೇರಳೆಯ ಬುಡ ಅಗೆದು ಒಂದು ಬೇರು ಎಳೆದ. ಒಣ ಪುಳ್ಳೆಯಂತೆ ಲಟಕ್ಕನೆ ಮುರಿಯಿತು. ಪಕ್ಕದಲ್ಲಿ ನೆಲ ಬಿರುಕು ಬಿಟ್ಟಿತ್ತು. ಅಂಗೈ ಇಳಿಯುವಷ್ಟು ಅಗಲ. ಉದ್ದಕ್ಕೂ ನಡೆದು ನೋಡಿದ. ಒಂಬತ್ತು ಮನೆಗಳ ನೇರಕ್ಕೆ ಇತ್ತು.

ಅಂದೇ ಪಂಚಾಯಿತಿ ಹಾಲ್‌ನಲ್ಲಿ ಅಹವಾಲು ಸಭೆ. ಗುಡ್ಡದ ಮೇಲೆ ಇನ್ನೂರ ನಲವತ್ತು ವಿಲ್ಲಾ ಕಟ್ಟುವುದು ಕಂಪೆನಿಯ ಯೋಜನೆ. ಅಧಿಕಾರಿ ಓದಿದರು: "ರೋಗದಿಂದ ಒಣಗಿದ ಮರ ಮುನ್ನೂರ ಹನ್ನೆರಡು. ಕಡಿಯಲು ಅಡ್ಡಿಯಿಲ್ಲ."

ಚೋಮ ಎದ್ದ. ಮುರಿದ ಬೇರನ್ನು ಮೇಜಿನ ಮೇಲಿಟ್ಟ.

"ರೋಗ ಅಲ್ಲ ಸಾರ್. ಕೊಂದದ್ದು ನಾನು. ಬರ್ಕೊಳ್ಳಿ."

"ಕುಡಿದು ಬಂದಿದ್ದಾನೆ ಸಾರ್," ಎಂದ ಕೀರ್ತಿಕುಮಾರ್.

"ಇವತ್ತು ನೀವು ಕುಡಿಸಲಿಲ್ಲವಲ್ಲ ರೈಟ್ರೇ."

ಹಿಂದಿನ ಬೆಂಚು ನಕ್ಕಿತು.

"ಸುತ್ತ ಕೆತ್ತು ಅಂದದ್ದು ಇವರು. ಕೆತ್ತಿದ್ದು ನಾನು. ಈಗ ಗುಡ್ಡ ಬಿರಿದದೆ. ಕೆಳಗೆ ನಮ್ಮ ಮಕ್ಕಳು ಮಲಗ್ತವೆ."

"ಮರ ಕೊಂದೆ ಅಂತ ನೀನೇ ಹೇಳಿದರೆ ಜೈಲು, ಗೊತ್ತುಂಟಾ?" ಎಂದರು ಅಧಿಕಾರಿ.

"ಹಾಕಿ ಸಾರ್. ಜೈಲಿನ ಹಿಂದೆ ಗುಡ್ಡ ಇಲ್ಲವಲ್ಲ."

ಈಗ ಯಾರೂ ನಗಲಿಲ್ಲ. ಪಕ್ಕದ ಮನೆಯ ಸಿದ್ದ ಎದ್ದ. "ಕೆಳಗಿನ ಸಾಲು ನಾನು ಕೆತ್ತಿದ್ದು."

"ಸುಣ್ಣ ಕಲಸಿದ್ದು ನಾನು. ನನ್ನ ಹೆಸರೂ ಬರೀರಿ," ಎಂದಳು ಮುತ್ತಿ.

ಒಬ್ಬರ ಹಿಂದೆ ಒಬ್ಬರು ಎದ್ದರು. ಲೈನಿನ ಹನ್ನೊಂದು ಜನ. ಒಬ್ಬೊಬ್ಬರೂ ತಮ್ಮ ಹೆಸರು ಹೇಳಿದರು.

ಅಧಿಕಾರಿ ಪೆನ್ನಿನ ಮುಚ್ಚಳ ಹಾಕಿದರು. "ಇದು ಇವತ್ತಿನ ವಿಷಯದಲ್ಲಿ ಬರುವುದಿಲ್ಲ."

ಮುತ್ತಿ ಹೋಗಿ ಬಾಗಿಲಿಗೆ ಅಡ್ಡ ಕುಳಿತಳು. ಸಿದ್ದ ಅವಳ ಪಕ್ಕ ಕುಳಿತ. ಚೋಮ ಮೇಜಿನ ಮುಂದೆಯೇ ನಿಂತ.

"ಬರೆಯುವವರೆಗೆ ಇಲ್ಲೇ ಇರ್ತೇವೆ ಸಾರ್. ಮಕ್ಕಳನ್ನೂ ಕರ್ಕೊಂಡೇ ಬಂದಿದ್ದೇವೆ. ಆ ಮನೆಗೆ ಹೇಗೂ ಹೋಗ್ಲಿಕ್ಕಾಗುದಿಲ್ಲ."

ಹಾಲ್‌ನ ಶೀಟಿನ ಮೇಲೆ ಮೊದಲ ಹನಿಗಳು ಸದ್ದು ಮಾಡಿದವು. ಅಧಿಕಾರಿ ಸೂರು ನೋಡಿದರು. ಲೈನಿನವರು ಕಿಟಕಿಯಾಚೆ ಗುಡ್ಡ ನೋಡಿದರು.