ಇರುವೆಯ ಕೆಮ್ಮು

ಕಿವಿ ಮೇಷ್ಟ್ರಿಗೆ ಇರುವೆ ಕೆಮ್ಮಿದ್ದು ಕೇಳಿಸುತ್ತಿತ್ತು. ಕಣ್ಣೆದುರಿಗಿರುವ ಇರುವೆಯ ಮಾತಲ್ಲ, ಅದು ಯಾರಿಗೆ ಬೇಕಾದರೂ ಕೇಳಿಸೀತು. ಗೋಡೆಯ ಆಚೆ, ಪಕ್ಕದ ಮನೆಯ ಅಡುಗೆಮನೆಯಲ್ಲಿ, ಮುಚ್ಚಳ ಬಿಗಿದ ಸಕ್ಕರೆ ಡಬ್ಬಿಯೊಳಗೆ ಕೂತು ಕೆಮ್ಮಿದ ಇರುವೆ. ಅದು ಒಣ ಕೆಮ್ಮೋ ಕಫದ ಕೆಮ್ಮೋ ಎಂಬುದನ್ನೂ ಅವರು ಕೂತಲ್ಲಿಂದಲೇ ಹೇಳಿಬಿಡುತ್ತಿದ್ದರು. ಪಕ್ಕದ ಮನೆಯಾಕೆ ಡಬ್ಬಿ ತೆಗೆದು ನೋಡಿದರೆ ಒಂದು ಬಡಕಲು ಇರುವೆ ಸಕ್ಕರೆಯ ಮೇಲೆ ಬೆನ್ನು ಬಗ್ಗಿಸಿಕೊಂಡು, ನಾಲ್ಕು ದಿನ ರಜೆ ಬೇಕೆನ್ನುವ ಮುಖ ಮಾಡಿಕೊಂಡು ಕೂತಿತ್ತಂತೆ. ವೈದ್ಯಕೀಯ ಕಾಲೇಜಿಗೆ ಹೊಸದಾಗಿ ಬಂದ ಪ್ರತಿ ತಂಡಕ್ಕೂ ಮೇಷ್ಟ್ರ ಮೊದಲ ಪಾಠ ಇದೇ. ವರ್ಷದಿಂದ ವರ್ಷಕ್ಕೆ ಕತೆಯಲ್ಲಿ ಗೋಡೆ ದಪ್ಪವಾಗುತ್ತ, ಇರುವೆ ಸಣ್ಣದಾಗುತ್ತ ಬಂದಿತ್ತು.

ಅವರು ಶ್ರವಣ ಸಂಶೋಧನೆಯ ಪ್ರಾಧ್ಯಾಪಕರು. ಮನುಷ್ಯನ ಕಿವಿಯ ಬಗ್ಗೆ ಅವರು ಬರೆದ ಪ್ರಬಂಧಗಳನ್ನು ಒಂದರ ಮೇಲೊಂದು ಇಟ್ಟು ಹತ್ತಿದರೆ ಕಾಲೇಜಿನ ನೀರಿನ ಟ್ಯಾಂಕಿನ ಮುಚ್ಚಳ ತೆಗೆಯಬಹುದಿತ್ತು. ಅವರ ವಿಭಾಗ ಉದ್ದನೆಯ ಪಡಸಾಲೆಯ ಕೊನೆಯಲ್ಲಿತ್ತು. ಅದರ ಕೊನೆಯಲ್ಲಿ ಮೌನದ ಕೋಣೆ. ಗೋಡೆಗೆಲ್ಲ ಬೂದು ಬಣ್ಣದ ಸ್ಪಂಜು, ಕಪಾಟಿನಷ್ಟು ದಪ್ಪದ ಬಾಗಿಲು, ಒಂದು ಕುರ್ಚಿ, ಗಾಜಿನ ಸಣ್ಣ ಕಿಟಕಿ, ಮೆತ್ತೆ ಹರಿದಲ್ಲಿ ಟೇಪು ಸುತ್ತಿದ ಒಂದು ಹೆಡ್‌ಫೋನ್. ಬಾಗಿಲು ಹಾಕಿ ಒಳಗೆ ಕೂತರೆ ತನ್ನ ರೆಪ್ಪೆ ಬಡಿದ ಸದ್ದಿಗೆ ತಾನೇ ಬೆಚ್ಚಿಬೀಳಬೇಕು, ಅಷ್ಟು ಮೌನ. ಕಿಟಕಿಯಾಚೆ ಮೇಜಿನ ಮೇಲೆ ಯಂತ್ರ. ಡಯಲ್ ತಿರುಗಿಸಿದರೆ ಹೆಡ್‌ಫೋನಿನಲ್ಲಿ ಸಣ್ಣಗೆ ಸಿಳ್ಳೆ ಹೊಡೆದಂಥ ಸದ್ದು ಬರುತ್ತದೆ. ಕೇಳಿಸಿದವರು ಕೈ ಎತ್ತಬೇಕು. ಸದ್ದು ತಗ್ಗುತ್ತ, ತಗ್ಗುತ್ತ, ಒಳ್ಳೆಯ ಕಿವಿಗೂ ಇನ್ನೇನು ಕೇಳಿಸುವುದಿಲ್ಲ ಎನ್ನುವ ಹಂತಕ್ಕೆ ಬಂದಾಗ ಡಯಲ್ ಸೊನ್ನೆ ತೋರಿಸುತ್ತದೆ.

ಆ ಸೊನ್ನೆ ತನ್ನ ಜಾಗದಲ್ಲೇ ಇದೆಯೇ ಎಂದು ನೋಡಲು ವರ್ಷಕ್ಕೊಮ್ಮೆ ಹೊರಗಿನಿಂದ ಪರಿಣತರು ಬರಬೇಕೆಂಬುದು ನಿಯಮ. ಮೇಷ್ಟ್ರು ಅವರನ್ನು ಬಾಗಿಲಿನಿಂದಲೇ ಕಳಿಸಿಬಿಟ್ಟಿದ್ದರು. ತಕ್ಕಡಿ ಸರಿಯಿದೆಯೋ ಇಲ್ಲವೋ ನೋಡೋಕೆ ಇನ್ನೊಂದು ತಕ್ಕಡಿ ಹೊತ್ಕೊಂಡು ಬರ್ತಾರಂತೆ, ಇಂಥ ಕಿವಿ ಇಲ್ಲೇ ಇರೋವಾಗ, ಎಂದು ಕಿವಿಯ ಹಾಲೆ ಹಿಡಿದು ತೋರಿಸಿದ್ದರು. ಬೆಳಿಗ್ಗೆ ಬಂದವರೇ ತಾವೇ ಹೆಡ್‌ಫೋನ್ ಹಾಕಿಕೊಂಡು, ತಮಗೆ ಕೇಳಿಸಿದ ಅತಿ ಸಣ್ಣ ಸದ್ದನ್ನು ಸೊನ್ನೆ ಎಂದು ಗುರುತು ಮಾಡುತ್ತಿದ್ದರು. ಈಚೆಗೆ ಯಂತ್ರಕ್ಕೆ ವಯಸ್ಸಾಗಿತ್ತು. ಅದರ ದನಿ ಕುಗ್ಗುತ್ತ ಬಂದಿತ್ತು. ಮೇಷ್ಟ್ರು ಜೇಬಿನಲ್ಲಿ ಒಂದು ಪುಟಾಣಿ ಸ್ಕ್ರೂಡ್ರೈವರ್ ಇಟ್ಟುಕೊಂಡಿದ್ದರು. ಸದ್ದು ತಮ್ಮ ಕಿವಿಗೆ ಬೀಳುವವರೆಗೆ ಯಂತ್ರದ ಬೆನ್ನಿನ ಸ್ಕ್ರೂ ತಿರುವಿ ಅದನ್ನು ದಾರಿಗೆ ತರುತ್ತಿದ್ದರು.

ಈ ಯಂತ್ರದ ಮುಂದೆ ಈಗ ನೂಲಿನ ಮಿಲ್ಲಿನವರ ಸಾಲು. ಮಿಲ್ಲಿನ ಗದ್ದಲ ಕೆಲಸಗಾರರ ಕಿವಿ ತಿನ್ನುತ್ತದೆಯೇ ಎಂಬುದು ಸಂಶೋಧನೆಯ ಪ್ರಶ್ನೆ. ಅಲ್ಲಿ ಕೆಲಸ ಮಾಡುವವರಿಗೆ ಕಿವಿಮುಚ್ಚಳ ಕೊಡುತ್ತಿದ್ದರು. ಸರದಿಯ ಮೇಲೆ ಕೆಲವರನ್ನು ಸದ್ದಿಲ್ಲದ ಪ್ಯಾಕಿಂಗ್ ಕೋಣೆಗೆ ಕಳಿಸುತ್ತಿದ್ದರು. ಕಿವಿಗೆ ಏನೂ ಆಗುವುದಿಲ್ಲ ಎಂದು ಮೇಷ್ಟ್ರು ಹೇಳಿದರೆ ಎರಡನ್ನೂ ನಿಲ್ಲಿಸುವುದೆಂದು ಮಿಲ್ಲಿನ ಮ್ಯಾನೇಜರ್ ತೀರ್ಮಾನಿಸಿ ಕೂತಿದ್ದರು. ಮೇಷ್ಟ್ರ ಪರೀಕ್ಷೆಯಲ್ಲೋ, ಅರ್ಧ ಆಯಸ್ಸು ಮಿಲ್ಲಿನ ಯಂತ್ರದ ಪಕ್ಕದಲ್ಲೇ ಸವೆಸಿದವರ ಕಿವಿಯೂ ತೊಟ್ಟಿಲ ಕೂಸಿನ ಕಿವಿಯಂತೆ ಬರುತ್ತಿತ್ತು. ಎಲ್ಲರಿಗೂ ಸೊನ್ನೆ. ಕೆಲವರಂತೂ ಡಯಲ್ ಸೊನ್ನೆಗಿಂತ ಕೆಳಗಿಳಿದ ಮೇಲೂ ಕೈ ಎತ್ತುತ್ತಿದ್ದರು. ಸದ್ದೇ ಇಲ್ಲದಾಗ ಎತ್ತಿದ ಕೈಗೆ ವಿಭಾಗದಲ್ಲಿ ಸುಳ್ಳು ಕೈ ಎಂದು ಹೆಸರು. ಮೇಷ್ಟ್ರು ಮೈಕಿನಲ್ಲಿ ಅವರನ್ನು ಚೆನ್ನಾಗಿ ಉಗಿಯುತ್ತಿದ್ದರು. ಮಿಲ್ಲಿನವರಿಗೆ ಲಾಭವಿಲ್ಲದಿದ್ದರೂ ಒಂದು ಸುಳ್ಳು ಹೇಳದಿದ್ದರೆ ಉಂಡದ್ದು ಅರಗುವುದಿಲ್ಲ ಎಂದು ಕಾಲೇಜಿನಲ್ಲೆಲ್ಲ ಹೇಳಿಕೊಂಡು ನಗುತ್ತಿದ್ದರು.

ಹಾಗೆ ಉಗಿಸಿಕೊಂಡವರಲ್ಲಿ ಅವರ ಅಕ್ಕನೂ ಒಬ್ಬಳು.

ತಮ್ಮ ಇನ್ನೂ ಶಾಲೆಗೆ ಹೋಗುತ್ತಿದ್ದಾಗಲೇ ಅಕ್ಕ ಮಿಲ್ಲಿಗೆ ಸೇರಿದ್ದಳು. ಅಲ್ಲಿನ ಗದ್ದಲದಲ್ಲಿ ಮಾತಾಡಿ ಮಾತಾಡಿ, ಅವಳು ಗುಟ್ಟು ಹೇಳಿದರೂ ಬೀದಿಯ ಕೊನೆಯ ನಾಯಿ ಎದ್ದು ನಿಲ್ಲುತ್ತಿತ್ತು. ಈಗ ಅವಳಿಗೆ ಒಳಕೋಣೆಯಿಂದ ಮೊಮ್ಮಗಳು ಕರೆದರೆ ಕೇಳಿಸುತ್ತಿರಲಿಲ್ಲ. ಬಾಗಿಲ ಗಂಟೆ ಕೇಳಿಸುತ್ತಿರಲಿಲ್ಲ. ಅತ್ತೆಗೆ ಬೇಕಾದ್ದು ಮಾತ್ರ ಕೇಳ್ಸುತ್ತೆ, ಎಂದು ಸೊಸೆ ಪಾತ್ರೆಗಳಿಗೆ ಹೇಳುತ್ತಿದ್ದಳು. ಅಕ್ಕ ತಮ್ಮನ ಹತ್ತಿರ ಬಂದು ಮೌನದ ಕೋಣೆಯಲ್ಲಿ ಕೂತಳು. ಪರೀಕ್ಷೆ ಮುಗಿಸಿ ಮೇಷ್ಟ್ರು ಹೊರಬಂದು ಅವಳ ಬೆನ್ನು ತಟ್ಟಿದರು.

"ಹದಿನೆಂಟರ ಹುಡುಗಿ ಕಿವಿ ಕಣಕ್ಕಾ ನಿಂದು. ಬೇಕಾದ್ರೆ ಇನ್ನೊಂದು ಮದುವೆ ಆಗ್ಬಹುದು. ಆದ್ರೆ ಸುಳ್ಳು ಕೈ ಮಾತ್ರ ಎತ್ಬೇಡ."

"ನನಗೆ ಕೇಳಿಸ್ತು ಕಣೋ," ಎಂದಿದ್ದಳು ಅಕ್ಕ.

"ಎಲ್ಲರೂ ಹಾಗೇ ಹೇಳ್ತಾರೆ," ಎಂದಿದ್ದರು ಮೇಷ್ಟ್ರು.

ಅದಾದ ಮೇಲೆ ಮನೆಯಲ್ಲಿ ಅವಳ ಮಾತಿಗೆ ಬೆಲೆ ಉಳಿಯಲಿಲ್ಲ. ಸ್ವಂತ ತಮ್ಮ, ಅದೂ ಅಷ್ಟು ದೊಡ್ಡ ಡಾಕ್ಟರು, ಹೇಳಿದ ಮೇಲೆ ಇನ್ನೇನು. ಮಿಲ್ಲಿನಲ್ಲಿ ಪ್ಯಾಕಿಂಗ್ ಕೋಣೆ ಕೇಳಿದ್ದಕ್ಕೆ ಮೇಲ್ವಿಚಾರಕ ನಕ್ಕು, ನಿಮ್ಮ ಕಿವಿ ಹರಾಜಿಗೆ ಇಟ್ರೆ ನಾನೇ ಕೊಳ್ತೀನಿ ಎಂದನಂತೆ. ಯಾರಾದರೂ ಎರಡನೇ ಸಲ ಕರೆಯುವ ಮೊದಲೇ ಅಕ್ಕ, ತಪ್ಪಾಯ್ತು, ಗಮನ ಇರಲಿಲ್ಲ, ಎನ್ನುವುದನ್ನು ಅಭ್ಯಾಸ ಮಾಡಿಕೊಂಡಳು. ತನ್ನ ಕಿವಿಯನ್ನು ಬಿಟ್ಟು ತನ್ನ ಬುದ್ಧಿಯನ್ನೇ ಅನುಮಾನಿಸತೊಡಗಿದಳು.

ಅನುಮಾನ ಬರಬೇಕಾದ ಕಡೆ ಬಂದದ್ದು ಲೆಕ್ಕದ ಮೇಡಂಗೆ. ಮೇಷ್ಟ್ರ ಸಂಶೋಧನೆಗಳ ಅಂಕಿ ಅಂಶ ನೋಡಿಕೊಳ್ಳುವ ಈ ಸಹೋದ್ಯೋಗಿ ನಗುವುದು ಅಪರೂಪ. ಅವರು ನಕ್ಕ ವರ್ಷ ಕಾಲೇಜಿನ ಕಟ್ಟಡಕ್ಕೆ ಬಣ್ಣ ಬಳಿಸುತ್ತಾರೆ ಎಂಬ ಪ್ರತೀತಿ ಇತ್ತು. ಫಲಿತಾಂಶವನ್ನೆಲ್ಲ ನೋಡಿ ಅವರು ಕನ್ನಡಕ ತೆಗೆದರು.

"ಸರ್, ಐವತ್ತು ದಾಟಿದವರ ಕಿವಿ ಹೀಗಿರಲ್ಲ. ಮಿಲ್ಲು ಬಿಡಿ, ಗುಹೆಯಲ್ಲಿ ತಪಸ್ಸಿಗೆ ಕೂತಿದ್ರೂ ಹೀಗಿರಲ್ಲ."

ಹೋಲಿಕೆಗೆಂದು ಕಾಲೇಜಿನ ಕಚೇರಿಯವರನ್ನೂ ಅದೇ ಯಂತ್ರದ ಮುಂದೆ ಕೂರಿಸಿದ್ದರು. ಅವರಿಗೂ ಎಲ್ಲ ಸೊನ್ನೆ. ಕಿವಿಯ ಹತ್ತಿರ ಹೋಗಿ ಕೂಗಿದರೆ ಮಾತ್ರ ತಲೆ ಎತ್ತುವ ಹಿರಿಯ ಗುಮಾಸ್ತರಿಗೂ ಸೊನ್ನೆ. ಅವರಿಗೆ ಕೇಳಿಸುತ್ತೆ ಮೇಡಂ, ಅವರು ಕೇಳಿಸಿಕೊಳ್ಳಲ್ಲ ಅಷ್ಟೇ, ಎಂದು ಮೇಷ್ಟ್ರು ಹಾರಿಸಿದರು. ಮೇಡಂ ನಗಲಿಲ್ಲ. ಮಿಲ್ಲಿನವರನ್ನೆಲ್ಲ ಕರೆದು ಫಲಿತಾಂಶ ಹೇಳುವ ಸಭೆ ಮಾರನೆಯ ಬೆಳಿಗ್ಗೆ ಇತ್ತು. ಅದಕ್ಕೆ ಮೊದಲು ಸೊನ್ನೆಯನ್ನು ಇನ್ನೊಮ್ಮೆ ನೋಡೋಣ. ನೀವು ಒಳಗೆ ಕೂತ್ಕೊಳ್ಳಿ, ಡಯಲ್ ನನ್ನ ಕೈಲಿರಲಿ, ಎಂದರು ಮೇಡಂ. ಬೇಡವೆನ್ನಲು ಮೇಷ್ಟ್ರಿಗೆ ಕಾರಣ ಹೊಳೆಯಲಿಲ್ಲ.

ಅದೇ ಹೊತ್ತಿಗೆ ಅಕ್ಕ ಮಿಲ್ಲಿನಿಂದ ನೇರ ಅಲ್ಲಿಗೆ ಬಂದಳು. ಕೂದಲಲ್ಲಿ ಇನ್ನೂ ಹತ್ತಿಯ ಎಳೆಗಳಿದ್ದವು. ನಾಳೆಯಿಂದ ಕಿವಿಮುಚ್ಚಳವೂ ಇಲ್ಲ ಅಂತಾರೆ, ನನ್ನ ಕಿವಿ ಇನ್ನೊಂದು ಸಲ ನೋಡ್ತೀಯೇನೋ ಎಂದು ಕೇಳಲು ಬಂದಿದ್ದಳು. ಮೇಷ್ಟ್ರಿಗೆ ಪ್ರೇಕ್ಷಕರು ಸಿಕ್ಕಂತಾಯಿತು. ಬಾಗಿಲು ತೆರೆದೇ ಇರಲಿ, ನಮ್ಮಕ್ಕನೂ ನೋಡಲಿ, ಎಂದು ಕುರ್ಚಿಯಲ್ಲಿ ಕೂತು, ಹೆಡ್‌ಫೋನ್ ಏರಿಸಿ, ಕಿರೀಟ ತೊಟ್ಟವರಂತೆ ಒಮ್ಮೆ ಸುತ್ತ ನೋಡಿ ಕಣ್ಣು ಮುಚ್ಚಿದರು.

ಮೌನ. ಬಲಗೈ ತೊಡೆಯ ಮೇಲೆ ಸಿದ್ಧವಾಗಿತ್ತು. ಮೇಡಂ ಡಯಲ್ ಹುಡುಕುತ್ತಿರಬೇಕು, ಲೆಕ್ಕದವರಿಗೆ ಯಂತ್ರ ಒಲಿಯುವುದಿಲ್ಲ ಎಂದುಕೊಂಡರು. ಮೌನ ಹಾಗೇ ಮುಂದುವರಿಯಿತು. ಒಳ್ಳೆಯ, ದಟ್ಟವಾದ ಮೌನ. ನಾಳೆಯ ಸಭೆಯಲ್ಲಿ ಇರುವೆಗೆ ಈ ಸಲ ಕೆಮ್ಮಿನ ಜೊತೆ ಬಿಕ್ಕಳಿಕೆಯನ್ನೂ ಸೇರಿಸಿದರೆ ಹೇಗೆ ಎಂದು ಯೋಚಿಸಿ ಅವರ ಮುಖದ ಮೇಲೆ ಒಂದು ನಗೆ ಮೂಡಿತು.

ಹೆಗಲ ಮೇಲೆ ಕೈ ಬಿತ್ತು. ಕಣ್ಣು ಬಿಟ್ಟರೆ ಅಕ್ಕ. ಗಾಜಿನಾಚೆ ಲೆಕ್ಕದ ಮೇಡಂ ಎದ್ದು ನಿಂತಿದ್ದರು. ಯಂತ್ರದ ಬೆನ್ನಿನ ಸ್ಕ್ರೂ ಹಳೆಯ ಗುರುತಿಗೆ ಮರಳಿತ್ತು, ಅವರ ಕೈ ಸೊನ್ನೆಯಿಂದ ಬಹುದೂರ ಏರಿದ್ದ ಡಯಲ್ ಮೇಲೆಯೇ ಇತ್ತು. ಅಕ್ಕ ಅವರ ಒಂದು ಕಿವಿಯ ಹೆಡ್‌ಫೋನ್ ಸರಿಸಿದಳು.

"ಕೈ ಎತ್ತೋ," ಎಂದಳು.

"ಇನ್ನೂ ಶುರುವೇ ಆಗಿಲ್ಲ ಅಕ್ಕಾ."

ಅಕ್ಕ ಹೆಡ್‌ಫೋನನ್ನೂ ತಮ್ಮನ ಮುಖವನ್ನೂ ನೋಡಿದಳು. ಅವಳ ದನಿ, ಎಂದೂ ಇಲ್ಲದ್ದು, ತಗ್ಗಿತ್ತು. ಮೇಷ್ಟ್ರು ಅವಳ ತುಟಿ ನೋಡಿಯೇ ತಿಳಿಯಬೇಕಾಯಿತು. "ಆಗಲಿಂದ ಕೂಗ್ತಾ ಇದೆಯಲ್ಲೋ ಇದು. ಬಾಗಿಲ ಹತ್ರ ನಿಂತ ನನ್ನ ಹಾಳು ಕಿವಿಗೇ ಕೇಳಿಸ್ತು."

ಮೇಷ್ಟ್ರು ನಕ್ಕರು. ನಿಮ್ಮಿಬ್ಬರನ್ನೂ ಪರೀಕ್ಷೆ ಮಾಡ್ತಿದ್ದೆ, ಗೊತ್ತಾಗುತ್ತೋ ಇಲ್ಲವೋ ಅಂತ, ಎಂದರು. ಆ ಕೋಣೆಯಲ್ಲಿ ಪ್ರತಿಧ್ವನಿ ಇರಲಿಲ್ಲ. ನಗು ಬಾಯಿಂದ ಹೊರಬಂದು ಅವರ ಕಾಲ ಬಳಿಯೇ ಬಿತ್ತು. ಯಾರೂ ಅದನ್ನು ಎತ್ತಿಕೊಳ್ಳಲಿಲ್ಲ.

ಮೇಡಂ ಒಳಗೆ ಬಂದರು. ಬೈದಿದ್ದರೆ ಮೇಷ್ಟ್ರು ತಿರುಗಿ ಬೈಯಬಹುದಿತ್ತು; ಅವರು ಬೈಯಲಿಲ್ಲ. "ನಾಳೆ ನೀವೇ ಹೇಳ್ತೀರಾ ಸರ್, ನಾನು ಹೇಳ್ಲಾ?" ಎಂದಷ್ಟೇ ಕೇಳಿದರು.

ಅಕ್ಕ ಚೀಲ ಹೆಗಲಿಗೇರಿಸಿದಳು. ಬಾಗಿಲ ಬಳಿ ತಿರುಗಿ, ಯಾರಿಗೂ ಅಲ್ಲವೆಂಬಂತೆ, "ಹಾಗಾದ್ರೆ ನಾನು ಎತ್ತಿದ್ದು ಸುಳ್ಳು ಕೈ ಅಲ್ಲ," ಎಂದಳು. ಪಡಸಾಲೆಯುದ್ದಕ್ಕೂ ಅವಳು ನಡೆದುಹೋದದ್ದನ್ನು ಮೇಷ್ಟ್ರು ನೋಡಿದರು. ಅವಳ ಚಪ್ಪಲಿಯ ಸದ್ದು ಅವರಿಗೆ ಕೇಳಿಸಲಿಲ್ಲ.

ಬೆಳಿಗ್ಗೆ ಸಭಾಂಗಣ ತುಂಬಿತ್ತು. ಮುಂದಿನ ಸಾಲಿನಲ್ಲಿ ಪ್ರಾಧ್ಯಾಪಕರು, ಹಿಂದೆಲ್ಲ ಮಿಲ್ಲಿನವರು. ಅಕ್ಕ ಕೊನೆಯ ಸಾಲಿನಲ್ಲಿ. ಮ್ಯಾನೇಜರ್ ಮೈಕು ಹಿಡಿದು ಇರುವೆಯ ಕತೆಯನ್ನು ತಾವೇ ಹೇಳಿಬಿಟ್ಟರು. ಅವರ ಬಾಯಲ್ಲಿ ಅದು ಇರುವೆಯ ಮರಿಯಾಗಿತ್ತು. ಇಂಥ ಕಿವಿಯವರೇ ಪರೀಕ್ಷಿಸಿ ಹೇಳಿದ ಮೇಲೆ ನಮ್ಮ ಮಿಲ್ಲಿನ ಸದ್ದು ಜೋಗುಳವೆಂದೇ ತಿಳಿಯಬೇಕು ಎಂದು ಮುಗಿಸಿದರು. ಮುಂದಿನ ಸಾಲು ನಕ್ಕಿತು.

ಮೇಷ್ಟ್ರು ಎದ್ದರು. ರಾತ್ರಿಯೆಲ್ಲ ಅವರು ಒಂದು ಮಾತನ್ನು ತಿದ್ದಿ ತೀಡಿ ಇಟ್ಟುಕೊಂಡಿದ್ದರು. ಮಾನ ಪೂರ್ತಿ ಹೋಗದಂತೆ, ಸತ್ಯವೂ ಪೂರ್ತಿ ಹೊರಗುಳಿಯದಂತೆ ಹೊಲಿದ ಮಾತು. ಅದನ್ನೇ ಹೇಳಿದರು. ಇರುವೆಯ ಕತೆ ತಮಾಷೆಗೆ ಕಟ್ಟಿದ್ದು, ಮರೆತುಬಿಡಿ. ಯಂತ್ರಕ್ಕೆ ವಯಸ್ಸಾಗಿದೆ, ಅದರ ಸೊನ್ನೆ ಜಾಗ ತಪ್ಪಿದೆ. ಬಂದ ಫಲಿತಾಂಶವೆಲ್ಲ ತಪ್ಪು. ಬೇರೆ ಯಂತ್ರದಲ್ಲಿ, ಬೇರೆಯವರ ಕೈಯಲ್ಲಿ ಎಲ್ಲರಿಗೂ ಮತ್ತೆ ಪರೀಕ್ಷೆ ಆಗಬೇಕು. ಅಲ್ಲಿಯವರೆಗೆ ಕಿವಿಮುಚ್ಚಳವನ್ನು ಯಾರೂ ತೆಗೆಯುವಂತಿಲ್ಲ, ಪ್ಯಾಕಿಂಗ್ ಕೋಣೆಯ ಸರದಿಯೂ ನಿಲ್ಲುವಂತಿಲ್ಲ. ನೀವು ಎತ್ತಿದ ಕೈ ಯಾವುದೂ ಸುಳ್ಳಲ್ಲ.

ಮ್ಯಾನೇಜರರ ಮುಖ ಬಾಡಿಹೋಯಿತು. ಲೆಕ್ಕದ ಮೇಡಂ ಕನ್ನಡಕ ಒರೆಸಿಕೊಂಡರು. ಮುಗಿಯಿತು, ಬಚಾವಾದೆ, ಎಂದು ಮೇಷ್ಟ್ರು ಕಾಗದ ಮಡಚುತ್ತಿದ್ದಾಗ ಕೊನೆಯ ಸಾಲಿನಲ್ಲಿ ಒಬ್ಬ ಕೆಲಸಗಾರ ಎದ್ದು ಏನೋ ಕೇಳಿದ. ಅವನ ಬಾಯಿ ಆಡುವುದು ಕಂಡಿತು. ಮೇಷ್ಟ್ರು ಇಂಥ ಹೊತ್ತಿಗೆಂದು ಪಳಗಿಸಿಕೊಂಡಿದ್ದ ನಗೆ ನಕ್ಕು, ಒಳ್ಳೆಯ ಪ್ರಶ್ನೆ ಎನ್ನುವಂತೆ ತಲೆಯಾಡಿಸಿದರು. ಯಾರೂ ನಗಲಿಲ್ಲ. ಇಡೀ ಸಭೆ ಅವರನ್ನೇ ನೋಡುತ್ತಿತ್ತು. ತಲೆ ಆಡುತ್ತಲೇ ಇತ್ತು. ನಿಲ್ಲಿಸುವುದು ಹೇಗೆಂದು ಅವರಿಗೆ ತಿಳಿಯಲಿಲ್ಲ.

"ಕೇಳಿಸಲಿಲ್ಲ," ಎಂದರು ಕೊನೆಗೆ. ಆ ಮಾತನ್ನು ಅವರು ಬಾಯಿಬಿಟ್ಟು ಆಡಿದ್ದು ಅದೇ ಮೊದಲು.

ಆ ಕೆಲಸಗಾರನ ಪಕ್ಕದಲ್ಲಿ ಅಕ್ಕ ಎದ್ದು ನಿಂತಳು. ಮಿಲ್ಲಿನೊಳಗೆ ಮಾತಾಡುವಂತೆ, ಒಂದೊಂದೇ ಮಾತನ್ನು ಬಿಡಿಸಿ ಹೇಳಿದಳು.

"ವಯಸ್ಸಾಗಿದ್ದು ಯಂತ್ರಕ್ಕಾ ನಿನಗಾ ಅಂತ ಕೇಳ್ತಿದಾನೆ. ಯಾವಾಗಿಂದ ಗೊತ್ತಿತ್ತು ಅಂತ ಕೇಳ್ತಿದಾನೆ."

ಮೇಷ್ಟ್ರು ಜೇಬಿಗೆ ಕೈ ಹಾಕಿದರು. ಬೆರಳಿಗೆ ಆ ಪುಟಾಣಿ ಸ್ಕ್ರೂಡ್ರೈವರ್ ತಗುಲಿತು. ಅದನ್ನು ತೆಗೆದು ಎಲ್ಲರಿಗೂ ಕಾಣುವಂತೆ ಮೇಜಿನ ಮೇಲೆ ಇಟ್ಟರು.

"ಯಂತ್ರ ಸರಿಯಾಗೇ ಇತ್ತಕ್ಕಾ," ಎಂದರು. "ಮೊದಲನೇ ಸಲ ಅದರ ಸ್ಕ್ರೂ ತಿರುಗಿಸಿದಾಗಲೇ ನನಗೆ ಗೊತ್ತಿತ್ತು. ಹೇಳೋಕೆ ನಾಚಿಕೆ ಆಯ್ತು."