ಹೊಡೆದಾಟದ ಅಂಗಿ

ಶ್ರೀಮಂತರ ಹುಡುಗಿಗಾಗಿ ಬಡ ಹುಡುಗನೊಬ್ಬ ಹತ್ತಾರು ಜನರನ್ನು ಹೊಡೆದುರುಳಿಸುವ ಹಿಂದಿ ಸಿನಿಮಾಕ್ಕೆ ಬಡ ದರ್ಜಿ ಹುಡುಗಿಯೊಬ್ಬಳು ನಾಯಕನ ಅಂಗಿಗಳನ್ನು ಹೊಲಿಯುತ್ತಿದ್ದಳು. ನಿರ್ಮಾಪಕರ ಮಗ ಮನಸೋತದ್ದು ಅವಳಿಗೆ. "ಇಲ್ಲಿ ಕತೆ ಉಲ್ಟಾ ಆಯ್ತಲ್ಲೇ!" ಎಂದು ಜೊತೆಯವರು ನಕ್ಕರು. ಅವನ ತಾಯಿ ನಗಲಿಲ್ಲ. "ನನ್ನ ಮಗನಿಗೊಂದು ಅಂಗಿ ಹೊಲಿದು ತರ್ಲಿ. ಕೆಲಸ ನೋಡಿ ಆಮೇಲೆ ಮದುವೆ ಮಾತು" ಎಂದು ಹೇಳಿಕಳಿಸಿದರು.

ಮೂರು ದಿನ ಜೀವ ತೇದು ಹೊಲಿದಳು. ಆ ದೊಡ್ಡ ಮನೆಯ ನಡುಮನೆಯಲ್ಲಿ ಅವನು ಅಂಗಿ ತೊಟ್ಟು, "ಹೇಗಿದೆ ಅಮ್ಮಾ?" ಎಂದು ಎರಡೂ ಕೈ ಚಾಚಿದ. ಬಲತೋಳು ಚರ್ರನೆ ಕಿತ್ತು ಮೊಣಕೈಗೆ ಜಾರಿತು.

ಅವಳಿಗೆ ತಕ್ಷಣ ಹೊಳೆಯಿತು. ಹೊಡೆದಾಟದಲ್ಲಿ ಎಳೆದೊಡನೆ ಹರಿಯಲೆಂದು ತೋಳಿಗೆ ಸಡಿಲ ಹೊಲಿಗೆ ಹಾಕಿ ಹಾಕಿ, ಕೈ ತನ್ನ ಪಾಡಿಗೆ ಇಲ್ಲೂ ಅದನ್ನೇ ಹಾಕಿತ್ತು.

"ತಪ್ಪಾಯ್ತಮ್ಮಾ, ಇದು ಏಟು ತಿನ್ನೋರ ಹೊಲಿಗೆ" ಎಂದು ತೊದಲಿದಳು.

ತಾಯಿ ಮಗನನ್ನೂ ಜೋತಾಡುವ ತೋಳನ್ನೂ ನೋಡಿ, ತಡೆಯಲಾರದೆ ಹೊಟ್ಟೆ ಹಿಡಿದುಕೊಂಡು ನಕ್ಕರು. "ಇವನಿಗಾ ಹೊಡೆದಾಟ? ಜಿರಲೆ ಹೊಡೆಯೋಕೂ ಅಮ್ಮನ್ನ ಕರೀತಾನೆ!"

"ಅಮ್ಮಾ!" ಮಗನ ಕಿವಿ ಕೆಂಪಾದವು.

ಕಣ್ಣೊರೆಸಿಕೊಳ್ಳುತ್ತ ಅವರು ಸೂಜಿದಾರ ತಂದು ಅವಳ ಮುಂದಿಟ್ಟರು. "ಗಟ್ಟಿಯಾಗಿ ಹೊಲಿಯೇ ಹುಡುಗಿ. ನಾಳೆ ನಿಮ್ಮನೆಗೆ ಹೆಣ್ಣು ಕೇಳೋಕೆ ಇವನನ್ನ ಹರಕು ತೋಳಲ್ಲಿ ಕರ್ಕೊಂಡು ಬರ್ಲಾ?"

ಕಣ್ಣು ಮುಚ್ಚಿಯೂ ಸೂಜಿಗೆ ದಾರ ಪೋಣಿಸಬಲ್ಲವಳಿಗೆ ಅಂದು ಮೂರು ಸಲ ದಾರ ತಪ್ಪಿತು.